ಉರಿಮೂತ್ರದ ಹಿಂದೆ ಹಳೆಯ ಕಾಯಿಲೆ: ಮೂತ್ರಾಂಗಗಳಿಗೆ ಹಬ್ಬುವ ಸ್ತನ ಕ್ಯಾನ್ಸರ್

ಲಕ್ಕೂರು (ಮಾಲೂರು ತಾಲ್ಲೂಕು): ಬೇಸಿಗೆ ಬಂತೆಂದರೆ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಉರಿಮೂತ್ರ ಸಾಮಾನ್ಯ ದೂರು. ಬಿಸಿಲಿನಲ್ಲಿ ಹೊಲದ ಕೆಲಸ, ಕುಡಿಯುವ ನೀರು ಕಡಿಮೆ. ‘ಮೈಗೆ ಉಷ್ಣವಾಗಿದೆ’ ಎಂಬ ತೀರ್ಮಾನದೊಂದಿಗೆ ಎಳನೀರು, ಮಜ್ಜಿಗೆ, ಬಾರ್ಲಿ ನೀರಿನ ಮನೆಮದ್ದು ಆರಂಭವಾಗುತ್ತದೆ. ಸೊಂಟದ ಪಕ್ಕದಲ್ಲಿ ನೋವು ಕಾಣಿಸಿಕೊಂಡರೆ ಅದಕ್ಕೂ ದುಡಿಮೆಯೇ ಕಾರಣವೆಂದು ಭಾವಿಸಲಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಈ ತೊಂದರೆಗಳು ಕೆಲವೇ ದಿನಗಳಲ್ಲಿ ಶಮನಗೊಳ್ಳುತ್ತವೆ ಎಂಬುದೂ ನಿಜ.

ಆದರೆ ಹಿಂದೊಮ್ಮೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಮಹಿಳೆಯಲ್ಲಿ ಇದೇ ಲಕ್ಷಣಗಳು ಕಾಣಿಸಿಕೊಂಡರೆ ಲೆಕ್ಕಾಚಾರ ಬದಲಾಗಬೇಕಾಗುತ್ತದೆ. ಅಪರೂಪಕ್ಕೆ, ವರ್ಷಗಳ ಹಿಂದೆ ಗುಣವಾಯಿತೆಂದು ಭಾವಿಸಿದ್ದ ಕಾಯಿಲೆ ಮೂತ್ರಕೋಶದ ಗೋಡೆಯಲ್ಲಿ ಅಥವಾ ಮೂತ್ರನಾಳದ ಸುತ್ತ ಮತ್ತೆ ತಲೆಯೆತ್ತಿರುತ್ತದೆ. ಆಗ ಮಹಿಳೆ ಹೋಗುವುದು ಕ್ಯಾನ್ಸರ್ ಆಸ್ಪತ್ರೆಗಲ್ಲ, ಊರಿನ ವೈದ್ಯರ ಬಳಿಗೆ. ಹಳೆಯ ಕಾಯಿಲೆಯ ವಿಷಯವನ್ನು ಅವರೂ ಹೇಳುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಅಮೂಲ್ಯವಾದ ಸಮಯ ವ್ಯರ್ಥವಾಗುವುದು ಇಲ್ಲಿಯೇ.

ಅಪರೂಪ, ಆದರೆ ಅಲಕ್ಷಿಸುವಂತಿಲ್ಲ

ಜಾಗತಿಕ ಕ್ಯಾನ್ಸರ್ ಅಂದಾಜು ‘ಗ್ಲೋಬೊಕಾನ್’ನ 2022ರ ಅಂಕಿ-ಅಂಶಗಳ ಪ್ರಕಾರ ಆ ವರ್ಷ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಸಾವನ್ನಪ್ಪಿದರು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲೂ ಮಹಿಳೆಯರ ಕ್ಯಾನ್ಸರ್‌ಗಳ ಪೈಕಿ ಸ್ತನ ಕ್ಯಾನ್ಸರ್‌ಗೇ ಮೊದಲ ಸ್ಥಾನ.

ಈ ಕಾಯಿಲೆ ಸ್ತನವನ್ನು ದಾಟಿ ಹರಡುವಾಗ ಸಾಮಾನ್ಯವಾಗಿ ಮೂಳೆ, ಶ್ವಾಸಕೋಶ, ಯಕೃತ್ತು ಮತ್ತು ಮಿದುಳಿಗೆ ಹೋಗುತ್ತದೆ. ಬೆನ್ನುಮೂಳೆಯ ನೋವು, ಕೆಮ್ಮು, ಕಾಮಾಲೆ, ತಲೆನೋವುಗಳ ಬಗ್ಗೆ ರೋಗಿಗಳಿಗೆ ಎಚ್ಚರಿಕೆ ನೀಡುವುದು ಇದೇ ಕಾರಣದಿಂದ. ಮೂತ್ರಾಂಗಗಳು ಈ ಪಟ್ಟಿಯಲ್ಲಿ ಇರುವುದಿಲ್ಲ.

ಲಂಡನ್ನಿನ ರೋಗಶಾಸ್ತ್ರಜ್ಞರಾದ ಬೇಟ್ಸ್ ಮತ್ತು ಬೈತುನ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಬೇರೆ ಅಂಗದಲ್ಲಿ ಹುಟ್ಟಿ ಮೂತ್ರಕೋಶಕ್ಕೆ ಬಂದ 282 ಗಡ್ಡೆಗಳನ್ನು ಅವರು ಪರಿಶೀಲಿಸಿದರು. ಇವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳು, ಪ್ರಾಸ್ಟೇಟ್, ಗುದನಾಳ, ಗರ್ಭಕೊರಳಿನಂತಹ ನೆರೆಯ ಅಂಗಗಳಿಂದ ನೇರವಾಗಿ ವ್ಯಾಪಿಸಿದಂಥವು. ದೂರದ ಅಂಗಗಳಿಂದ ಬಂದವುಗಳಲ್ಲಿ ಜಠರ, ಚರ್ಮ, ಶ್ವಾಸಕೋಶಗಳ ನಂತರದ ಸ್ಥಾನ ಸ್ತನದ್ದಾಗಿತ್ತು. ಅದರ ಪಾಲು ಶೇ 2.5 ಮಾತ್ರ. ಮೂತ್ರಕೋಶದ ಒಟ್ಟು ಕ್ಯಾನ್ಸರ್‌ಗಳಲ್ಲಿ ಬೇರೆಡೆಯಿಂದ ಬಂದವುಗಳೇ ಶೇ 2ರ ಆಸುಪಾಸು ಎಂಬುದನ್ನು ಗಮನಿಸಿದರೆ ಇದು ಎಷ್ಟು ವಿರಳ ಎಂಬುದು ಸ್ಪಷ್ಟವಾಗುತ್ತದೆ.

ವಿರಳ ಎಂಬ ಕಾರಣಕ್ಕೇ ಇದು ಯಾರ ಗಮನಕ್ಕೂ ಬಾರದೆ ಉಳಿಯುವ ಸಾಧ್ಯತೆ ಹೆಚ್ಚು.

ಬೀಜ ಮತ್ತು ಮಣ್ಣು

ಕ್ಯಾನ್ಸರ್ ಕೆಲವು ಅಂಗಗಳನ್ನೇ ಏಕೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಮೊದಲ ಮಹತ್ವದ ಉತ್ತರ ದೊರೆತದ್ದು ಸ್ತನ ಕ್ಯಾನ್ಸರ್‌ನ ಅಧ್ಯಯನದಿಂದಲೇ. ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಈ ಕಾಯಿಲೆಯಿಂದ ಮೃತಪಟ್ಟ 735 ಮಹಿಳೆಯರ ಮರಣೋತ್ತರ ವಿವರಗಳನ್ನು ವಿಶ್ಲೇಷಿಸಿದರು. ಕ್ಯಾನ್ಸರ್ ಜೀವಕೋಶ ಬೀಜವಿದ್ದಂತೆ, ಅಂಗ ಮಣ್ಣಿದ್ದಂತೆ. ಬೀಜ ಎಲ್ಲೆಡೆ ಚೆಲ್ಲಿದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರ ವಾದದ ಸಾರ. ರಾಗಿ ಬಿತ್ತುವ ರೈತನಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಹೃದಯ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳಿಗೇ ಹೋಗುತ್ತದೆ. ರಕ್ತದೊಂದಿಗೆ ಕ್ಯಾನ್ಸರ್ ಜೀವಕೋಶಗಳೂ ಅಲ್ಲಿಗೆ ತಲುಪುತ್ತವೆ. ಹಾಗಿದ್ದರೂ ಸ್ತನ ಕ್ಯಾನ್ಸರ್ ಅಲ್ಲಿ ನೆಲೆಯೂರುವುದು ಕಡಿಮೆ. ಬೀಜ ಬಿದ್ದರೂ ಮಣ್ಣು ಒಗ್ಗುವುದಿಲ್ಲ.

ಆದರೆ ಎಲ್ಲ ಬೀಜವೂ ಒಂದೇ ಬಗೆಯದಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಹೆಚ್ಚಿನವು ಹಾಲಿನ ನಾಳಗಳಿಗೆ ಸಂಬಂಧಿಸಿದ ‘ಡಕ್ಟಲ್’ ಬಗೆಯವು. ಶೇ 10ರಿಂದ 15ರಷ್ಟು ‘ಲೋಬ್ಯುಲರ್’ ಎಂಬ ಬಗೆಯವು. ಸಾಮಾನ್ಯವಾಗಿ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ‘ಇ-ಕ್ಯಾಡ್ಹೆರಿನ್’ ಎಂಬ ಪ್ರೋಟೀನು ಈ ಎರಡನೆಯ ಬಗೆಯಲ್ಲಿ ಇಲ್ಲವಾಗಿರುತ್ತದೆ. ಹೀಗಾಗಿ ಜೀವಕೋಶಗಳು ಗಂಟು ಕಟ್ಟದೆ, ಇರುವೆಗಳ ಸಾಲಿನಂತೆ ಒಂದರ ಹಿಂದೊಂದು ಅಂಗಾಂಶಗಳ ನಡುವೆ ನುಸುಳುತ್ತವೆ. ಹೊಟ್ಟೆಯ ಒಳಪೊರೆ, ಜಠರ, ಕರುಳು, ಅಂಡಾಶಯ, ಹೊಟ್ಟೆಯ ಹಿಂಭಾಗದ ಪದರ ಮುಂತಾದ ಅನಿರೀಕ್ಷಿತ ಜಾಗಗಳಿಗೆ ಹರಡುವ ಪ್ರವೃತ್ತಿ ಈ ಬಗೆಗೆ ಹೆಚ್ಚು. ಮೂತ್ರನಾಳಗಳು ಹಾದುಹೋಗುವುದು ಹೊಟ್ಟೆಯ ಇದೇ ಹಿಂಭಾಗದಲ್ಲಿ.

ಗಡ್ಡೆಯಾಗಿ ಬೆಳೆಯದ ಕಾರಣ ಸ್ಕ್ಯಾನಿಂಗ್‌ನಲ್ಲಿ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ‘ಪೆಟ್’ ಸ್ಕ್ಯಾನ್‌ನಲ್ಲಿಯೂ ಲೋಬ್ಯುಲರ್ ಬಗೆ ಮಂಕಾಗಿ ಕಾಣುವುದುಂಟು. ಮೇಲಾಗಿ ಆ ಪರೀಕ್ಷೆಗೆ ಬಳಸುವ ವಿಕಿರಣಯುಕ್ತ ಸಕ್ಕರೆ ಮೂತ್ರದ ಮೂಲಕವೇ ಹೊರಹೋಗುವುದರಿಂದ ಮೂತ್ರಕೋಶ ಇಡಿಯಾಗಿ ಬೆಳಗಿ, ಗೋಡೆಯಲ್ಲಿನ ದೋಷವನ್ನು ಮರೆಮಾಡಬಲ್ಲದು.

ಸದ್ದಿಲ್ಲದೆ ಸೋಲುವ ಮೂತ್ರಪಿಂಡ

ಕಿಡ್ನಿ ಎಂದೇ ಜನಜನಿತವಾದ ಎರಡು ಮೂತ್ರಪಿಂಡಗಳು, ಅವುಗಳಿಂದ ಕೆಳಗಿಳಿಯುವ ಎರಡು ಮೂತ್ರನಾಳಗಳು, ಮೂತ್ರವನ್ನು ಸಂಗ್ರಹಿಸುವ ಮೂತ್ರಕೋಶ ಮತ್ತು ಅದನ್ನು ಹೊರಹಾಕುವ ಮಾರ್ಗ - ಇವಿಷ್ಟು ಮೂತ್ರಾಂಗ ವ್ಯವಸ್ಥೆ. ಕಾಯಿಲೆ ಎಲ್ಲಿಗೆ ತಗುಲಿತು ಎಂಬುದರ ಮೇಲೆ ಲಕ್ಷಣಗಳು ಬೇರೆಯಾಗುತ್ತವೆ.

ಮೂತ್ರಕೋಶಕ್ಕೆ ತಗುಲಿದಾಗ ಮೂತ್ರದಲ್ಲಿ ರಕ್ತ, ಪದೇ ಪದೇ ಮೂತ್ರಶಂಕೆ, ತಡೆಯಲಾಗದ ಅವಸರ, ಕೆಲವರಲ್ಲಿ ಅರಿವಿಲ್ಲದೆ ಮೂತ್ರ ಸೋರುವುದು ಕಂಡುಬರುತ್ತದೆ. ಇವೆಲ್ಲವೂ ಸೋಂಕಿನ ಲಕ್ಷಣಗಳೇ ಆಗಿರುವುದರಿಂದ ಮೊದಲು ಆಂಟಿಬಯೋಟಿಕ್ ಮಾತ್ರೆ ಬರೆದುಕೊಡುವುದು ಸಹಜ.

ಹೆಚ್ಚು ಮೋಸ ಮಾಡುವುದು ಮೂತ್ರನಾಳ. ಸುಮಾರು 25ರಿಂದ 30 ಸೆಂ.ಮೀ. ಉದ್ದದ ಈ ನಾಳದ ಅಗಲ ಕೆಲವೇ ಮಿಲಿಮೀಟರ್. ಹೊರಗಿನಿಂದ ದುಗ್ಧಗ್ರಂಥಿಗಳು ಒತ್ತಿದರೂ, ಕ್ಯಾನ್ಸರ್ ಜೀವಕೋಶಗಳು ಗೋಡೆಯೊಳಗೆ ನುಸುಳಿದರೂ ನಾಳ ಕಿರಿದಾಗುತ್ತದೆ. ಮೇಲಿನಿಂದ ಬರುವ ಮೂತ್ರ ನಿಂತು ಮೂತ್ರಪಿಂಡ ಊದಿಕೊಳ್ಳುತ್ತದೆ. ವೈದ್ಯರು ಇದನ್ನು ‘ಹೈಡ್ರೋನೆಫ್ರೋಸಿಸ್’ ಎನ್ನುತ್ತಾರೆ.

ಕಲ್ಲು ಸಿಕ್ಕಿಕೊಂಡಾಗ ತಡೆ ಹಠಾತ್ತನೆ ಉಂಟಾಗುವುದರಿಂದ ನೋವು ಸಹಿಸಲಸಾಧ್ಯ. ಕ್ಯಾನ್ಸರ್‌ನಲ್ಲಿ ತಡೆ ನಿಧಾನವಾಗಿ ಏರ್ಪಡುವುದರಿಂದ ಮಂದವಾದ ನೋವು ಮಾತ್ರ ಇರಬಹುದು, ಅಥವಾ ಯಾವ ನೋವೂ ಇಲ್ಲದಿರಬಹುದು. ಒಂದು ಮೂತ್ರಪಿಂಡ ಕುಗ್ಗುತ್ತಿದ್ದರೆ ಇನ್ನೊಂದು ಅದರ ಕೆಲಸವನ್ನೂ ವಹಿಸಿಕೊಳ್ಳುತ್ತದೆ. ರಕ್ತದಲ್ಲಿನ ಕ್ರಿಯಾಟಿನಿನ್ ಅಂಶವೂ ಸಹಜ ಮಿತಿಯಲ್ಲೇ ಇರಬಹುದು. ಎರಡನೆಯ ನಾಳವೂ ಕಟ್ಟಿಕೊಂಡು ಮೂತ್ರದ ಪ್ರಮಾಣ ತಗ್ಗಿ, ಕಾಲು-ಮುಖ ಊದಿ, ವಾಂತಿ ಆರಂಭವಾಗುವ ವೇಳೆಗೆ ಪರಿಸ್ಥಿತಿ ಗಂಭೀರವಾಗಿರುತ್ತದೆ.

ಈ ಸದ್ದಿಲ್ಲದ ಊತವನ್ನು ಒಂದು ಸಾಮಾನ್ಯ ಅಲ್ಟ್ರಾಸೌಂಡ್ ಪರೀಕ್ಷೆ ಪತ್ತೆಹಚ್ಚಬಲ್ಲದು ಎಂಬುದು ಗಮನಾರ್ಹ. ಇದಕ್ಕೆ ದೊಡ್ಡ ನಗರದ ಆಸ್ಪತ್ರೆಯೇ ಬೇಕೆಂದಿಲ್ಲ.

ಹತ್ತು ವರ್ಷದ ಬಳಿಕವೂ ಸಾಧ್ಯ

‘ಆಪರೇಷನ್ ಆಗಿ ಹತ್ತು ವರ್ಷವಾಯಿತು, ಈಗೇಕೆ ಆ ಮಾತು?’ ಎಂಬ ಪ್ರಶ್ನೆ ಏಳುವುದು ಸ್ವಾಭಾವಿಕ. ಈಸ್ಟ್ರೋಜೆನ್ ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ದೀರ್ಘಕಾಲ ಸುಪ್ತವಾಗಿ ಉಳಿಯಬಲ್ಲದು. ಲೋಬ್ಯುಲರ್ ಬಗೆಯ ಬಹುಪಾಲು ಈ ಗುಂಪಿಗೇ ಸೇರುತ್ತದೆ.

2017ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ, 88 ಪ್ರಯೋಗಗಳ 62,923 ಮಹಿಳೆಯರ ಮಾಹಿತಿಯನ್ನು ಒಗ್ಗೂಡಿಸಿದ ವಿಶ್ಲೇಷಣೆ ಈ ಅಂಶವನ್ನು ದೃಢಪಡಿಸಿತು. ಐದು ವರ್ಷ ಹಾರ್ಮೋನ್ ಮಾತ್ರೆ ಸೇವಿಸಿ, ಆ ಅವಧಿಯಲ್ಲಿ ಕಾಯಿಲೆ ಮರುಕಳಿಸದೆ ಇದ್ದವರಲ್ಲೂ ಐದನೇ ವರ್ಷದಿಂದ 20ನೇ ವರ್ಷದವರೆಗೆ ಅದು ದೂರದ ಅಂಗಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಇದ್ದೇ ಇತ್ತು. ಮೂಲ ಗಡ್ಡೆಯ ಗಾತ್ರ ಮತ್ತು ಕಂಕುಳಿನ ಗ್ರಂಥಿಗಳ ಸ್ಥಿತಿಯನ್ನು ಅವಲಂಬಿಸಿ ಈ ಸಂಭವ ಶೇ 10ರಿಂದ 41ರವರೆಗೆ ಇತ್ತು.

ಚಿಕಿತ್ಸೆ ಪೂರ್ಣಗೊಂಡ ಮಹಿಳೆ ನಿತ್ಯವೂ ಭಯದಲ್ಲಿ ಬದುಕಬೇಕೆಂದು ಇದರ ಅರ್ಥವಲ್ಲ. ‘ಐದು ವರ್ಷ ಕಳೆಯಿತು, ಇನ್ನು ಆ ಕಾಯಿಲೆಯ ಮಾತು ಬೇಡ’ ಎಂಬ ನಂಬಿಕೆ ಸರಿಯಲ್ಲ ಎಂಬುದಷ್ಟೇ ಇದರ ಅರ್ಥ.

ಕೆಂಪು ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ

ಸ್ತನ ಕ್ಯಾನ್ಸರ್‌ನ ಚಿಕಿತ್ಸೆಯಲ್ಲಿರುವ ಅಥವಾ ಚಿಕಿತ್ಸೆ ಮುಗಿಸಿದ ಮಹಿಳೆಯರಲ್ಲಿ ಮೂತ್ರದ ತೊಂದರೆಗೆ ಬೇರೆ ಕಾರಣಗಳೇ ಹೆಚ್ಚು. ಕೀಮೋಥೆರಪಿಯಲ್ಲಿ ಬಳಸುವ ‘ಡಾಕ್ಸೊರುಬಿಸಿನ್’ ಕೆಂಪು ಬಣ್ಣದ ಔಷಧಿ. ಅದನ್ನು ಪಡೆದ ಒಂದೆರಡು ದಿನ ಮೂತ್ರ ಕೆಂಪಾಗುವುದು ಸಹಜ, ಅದು ರಕ್ತವಲ್ಲ. ‘ಸೈಕ್ಲೊಫಾಸ್ಫಮೈಡ್’ ಎಂಬ ಇನ್ನೊಂದು ಔಷಧಿ ಮೂತ್ರಕೋಶದ ಒಳಪದರವನ್ನು ಕೆರಳಿಸಿ ನಿಜವಾಗಿಯೂ ರಕ್ತಸ್ರಾವ ಉಂಟುಮಾಡಬಲ್ಲದು. ಆ ಸಂದರ್ಭದಲ್ಲಿ ಹೆಚ್ಚು ನೀರು ಕುಡಿಯಲು ಸೂಚಿಸುವುದು ಇದಕ್ಕಾಗಿಯೇ.

ಹಾರ್ಮೋನ್ ಮಾತ್ರೆಗಳಿಂದ ಅಥವಾ ಮುಟ್ಟು ನಿಂತ ಬಳಿಕ ಈಸ್ಟ್ರೋಜೆನ್ ಕಡಿಮೆಯಾಗಿ ಜನನಾಂಗ ಮತ್ತು ಮೂತ್ರಮಾರ್ಗದ ಪದರ ಒಣಗುತ್ತದೆ. ಇದರಿಂದ ಉರಿ, ಅವಸರ, ಪದೇ ಪದೇ ಸೋಂಕು ಕಾಡುತ್ತವೆ. ‘ಟ್ಯಾಮಾಕ್ಸಿಫೆನ್’ ಸೇವಿಸುವವರಲ್ಲಿ ಗರ್ಭಕೋಶದಿಂದ ಆಗುವ ರಕ್ತಸ್ರಾವವನ್ನು ಮೂತ್ರದ ರಕ್ತವೆಂದು ತಪ್ಪಾಗಿ ಭಾವಿಸುವುದೂ ಉಂಟು. ಅದಕ್ಕೆ ಸ್ತ್ರೀರೋಗ ತಜ್ಞರ ತಪಾಸಣೆ ಪ್ರತ್ಯೇಕವಾಗಿ ಅಗತ್ಯ.

ಹಾಗಾದರೆ ಎಚ್ಚರಿಕೆಯ ಗೆರೆ ಎಲ್ಲಿ? ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಕಾಣದಿದ್ದರೂ ಲಕ್ಷಣಗಳು ಮುಂದುವರಿದರೆ, ಮಾತ್ರೆಯಿಂದ ಗುಣವಾದ ತೊಂದರೆ ಮತ್ತೆ ಮತ್ತೆ ಮರಳಿದರೆ, ನೋವಿಲ್ಲದೆ ಒಮ್ಮೆಯಾದರೂ ಮೂತ್ರದಲ್ಲಿ ರಕ್ತ ಕಂಡರೆ ಮುಂದಿನ ಪರೀಕ್ಷೆಗೆ ತಡಮಾಡಬಾರದು. ಕೊನೆಯ ಮಾತು ಸ್ತನ ಕ್ಯಾನ್ಸರ್ ಇಲ್ಲದವರಿಗೂ ಅನ್ವಯಿಸುತ್ತದೆ.

ತಪ್ಪು ಹೆಸರು, ತಪ್ಪು ಚಿಕಿತ್ಸೆ

ಅಲ್ಟ್ರಾಸೌಂಡ್‌ನಲ್ಲಿ ಸಂಶಯ ಬಂದರೆ ಸಿ.ಟಿ. ಸ್ಕ್ಯಾನ್ ಹಾಗೂ ದುರ್ಬೀನು ಕೊಳವೆಯ ಮೂಲಕ ಮೂತ್ರಕೋಶವನ್ನು ನೋಡುವ ‘ಸಿಸ್ಟೋಸ್ಕೋಪಿ’ ನಡೆಸಲಾಗುತ್ತದೆ. ಮೂತ್ರಕೋಶದಲ್ಲಿಯೇ ಹುಟ್ಟುವ ಕ್ಯಾನ್ಸರ್ ಒಳಪದರದಿಂದ ಆರಂಭವಾಗುವುದರಿಂದ ಕಣ್ಣಿಗೆ ಕಾಣುತ್ತದೆ. ಹೊರಗಿನಿಂದ ಬಂದದ್ದು ಗೋಡೆಯ ಆಳದಲ್ಲಿ ಹಬ್ಬುವುದರಿಂದ ಒಳಪದರ ಸಹಜವಾಗಿಯೇ ಕಾಣಬಹುದು. ಮೂತ್ರದಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಹುಡುಕುವ ಪರೀಕ್ಷೆಯೂ ಏನನ್ನೂ ತೋರಿಸದಿರಬಹುದು. ಆದ್ದರಿಂದ ಆಳದಿಂದ ತುಣುಕು ತೆಗೆದು ಬಯಾಪ್ಸಿ ಮಾಡುವುದು ಅನಿವಾರ್ಯ.

ಬಯಾಪ್ಸಿಯ ನಂತರವೂ ಗೊಂದಲಕ್ಕೆ ಅವಕಾಶವಿದೆ. ಮೂತ್ರಕೋಶದಲ್ಲೇ ಹುಟ್ಟುವ ‘ಪ್ಲಾಸ್ಮಸೈಟಾಯ್ಡ್’ ಎಂಬ ವಿರಳ ಬಗೆಯ ಕ್ಯಾನ್ಸರ್ ಸೂಕ್ಷ್ಮದರ್ಶಕದಡಿ ಲೋಬ್ಯುಲರ್ ಸ್ತನ ಕ್ಯಾನ್ಸರ್‌ನ ತದ್ರೂಪಿನಂತೆ ಕಾಣುತ್ತದೆ. ಅದರಲ್ಲಿಯೂ ಇ-ಕ್ಯಾಡ್ಹೆರಿನ್ ಇಲ್ಲವಾಗಿರುತ್ತದೆ. ಕ್ಯಾನ್ಸರ್‌ನ ಮೂಲವನ್ನು ಗುರುತಿಸಲು ಬಳಸುವ ‘ಗಾಟಾ-3’ ಎಂಬ ಗುರುತು ಸ್ತನದ ಕ್ಯಾನ್ಸರ್‌ನಲ್ಲೂ ಮೂತ್ರಕೋಶದ ಕ್ಯಾನ್ಸರ್‌ನಲ್ಲೂ ಸಕಾರಾತ್ಮಕವಾಗಿ ಬರುತ್ತದೆ. ಅದೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಈಸ್ಟ್ರೋಜೆನ್ ಗ್ರಾಹಿ, ಪ್ರೊಜೆಸ್ಟೆರೋನ್ ಗ್ರಾಹಿ, ಮ್ಯಾಮಗ್ಲೋಬಿನ್, ಯುರೋಪ್ಲಾಕಿನ್ ಮುಂತಾದ ಹಲವು ಗುರುತುಗಳನ್ನು ಒಟ್ಟಿಗೆ ನೋಡಿ, ಹಳೆಯ ಸ್ತನದ ಬಯಾಪ್ಸಿಯ ಗಾಜುಫಲಕಗಳೊಂದಿಗೆ ಹೋಲಿಸಿದಾಗ ಮಾತ್ರ ಉತ್ತರ ಸ್ಪಷ್ಟವಾಗುತ್ತದೆ.

ಈ ಹೋಲಿಕೆ ಸಾಧ್ಯವಾಗಬೇಕಾದರೆ ರೋಗಿಗೆ ಹಿಂದೆ ಸ್ತನ ಕ್ಯಾನ್ಸರ್ ಇತ್ತೆಂಬ ಒಂದು ಸಾಲು ಪ್ರಯೋಗಾಲಯಕ್ಕೆ ಕಳುಹಿಸುವ ಚೀಟಿಯಲ್ಲಿ ಇರಲೇಬೇಕು. ಅದು ಇಲ್ಲದಿದ್ದರೆ ಮೂತ್ರಕೋಶದಲ್ಲಿಯೇ ಹುಟ್ಟಿದ ಕ್ಯಾನ್ಸರ್ ಎಂದು ತೀರ್ಮಾನವಾಗಿ, ಮೂತ್ರಕೋಶವನ್ನೇ ತೆಗೆದುಹಾಕುವ ದೊಡ್ಡ ಶಸ್ತ್ರಚಿಕಿತ್ಸೆಯವರೆಗೂ ವಿಷಯ ಹೋಗಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಸಾಧ್ಯ: ಸ್ತನ ಕ್ಯಾನ್ಸರ್ ಇದ್ದ ಮಹಿಳೆಗೆ ಹೊಸದಾಗಿ, ಸ್ವತಂತ್ರವಾಗಿ ಮೂತ್ರಕೋಶದ ಕ್ಯಾನ್ಸರ್ ಬರಬಾರದೆಂದೇನಿಲ್ಲ. ಊಹೆಯ ಮೇಲೆ ಚಿಕಿತ್ಸೆ ಸಲ್ಲದು.

ಚಿಕಿತ್ಸೆ ಏನು?

ಕಾಯಿಲೆ ಮೂತ್ರಕೋಶದಲ್ಲಿ ಕಂಡರೂ ಅದು ಸ್ತನ ಕ್ಯಾನ್ಸರೇ. ಔಷಧಿಯನ್ನೂ ಅದಕ್ಕೆ ತಕ್ಕಂತೆ ಆರಿಸಲಾಗುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಬಗೆಯಾದರೆ ಲೆಟ್ರೊಜೋಲ್‌ನಂತಹ ಮಾತ್ರೆಗಳು, ಅವುಗಳ ಜೊತೆಗೆ ಜೀವಕೋಶ ವಿಭಜನೆಯನ್ನು ತಡೆಯುವ ಹೊಸ ಪೀಳಿಗೆಯ ಔಷಧಿಗಳು, ‘ಹರ್-2’ ಸಕಾರಾತ್ಮಕವಾದರೆ ಟ್ರಾಸ್ಟುಜುಮ್ಯಾಬ್, ಅಗತ್ಯವಿದ್ದಲ್ಲಿ ಕೀಮೋಥೆರಪಿ. ವರ್ಷಗಳು ಕಳೆದಂತೆ ಕ್ಯಾನ್ಸರ್‌ನ ಗ್ರಾಹಿಗಳ ಸ್ವರೂಪ ಬದಲಾಗಿರುವ ಸಾಧ್ಯತೆ ಇರುವುದರಿಂದ ಹಳೆಯ ವರದಿಯನ್ನೇ ಆಧರಿಸದೆ ಹೊಸ ತುಣುಕನ್ನೂ ಪರೀಕ್ಷಿಸಬೇಕಾಗುತ್ತದೆ.

ಮೂತ್ರನಾಳ ಕಟ್ಟಿಕೊಂಡಿದ್ದರೆ ಮೊದಲ ಆದ್ಯತೆ ಮೂತ್ರಪಿಂಡದ ರಕ್ಷಣೆ. ನಾಳದೊಳಗೆ ‘ಡಿ.ಜೆ. ಸ್ಟೆಂಟ್’ ಎಂಬ ತೆಳುವಾದ ಕೊಳವೆಯನ್ನು ಇರಿಸಲಾಗುತ್ತದೆ. ಅದು ಸಾಧ್ಯವಾಗದಿದ್ದರೆ ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೇ ನೇರವಾಗಿ ಕೊಳವೆ ಹಾಕಿ ಮೂತ್ರವನ್ನು ಹೊರತೆಗೆಯಲಾಗುತ್ತದೆ. ಸ್ಟೆಂಟನ್ನು ನಿಗದಿತ ಅವಧಿಗೊಮ್ಮೆ ಬದಲಿಸಬೇಕು. ‘ನೋವಿಲ್ಲ’ ಎಂದು ಹಾಗೆಯೇ ಬಿಟ್ಟರೆ ಅದರ ಮೇಲೆ ಲವಣ ಕಟ್ಟಿಕೊಂಡು ಹೊಸ ಸಮಸ್ಯೆ ಹುಟ್ಟಿಕೊಳ್ಳುತ್ತದೆ. ಮೂತ್ರಕೋಶದ ರಕ್ತಸ್ರಾವ ನಿಲ್ಲದಿದ್ದರೆ ವಿಕಿರಣ ಚಿಕಿತ್ಸೆ ನೆರವಾಗಬಲ್ಲದು.

ಮೂತ್ರಪಿಂಡವನ್ನು ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೇಪ್ಸಿಟಬಿನ್‌ನಂತಹ ಕ್ಯಾನ್ಸರ್ ಔಷಧಿ, ಮೂಳೆಗೆ ಹರಡಿದಾಗ ನೀಡುವ ಜೊಲೆಡ್ರಾನಿಕ್ ಆಮ್ಲ ಮುಂತಾದವುಗಳ ಪ್ರಮಾಣವನ್ನು ನಿರ್ಧರಿಸುವುದು ಮೂತ್ರಪಿಂಡದ ಕಾರ್ಯಕ್ಷಮತೆಯನ್ನು ನೋಡಿಯೇ. ಅದು ಕುಂದಿದರೆ ಚಿಕಿತ್ಸೆಯ ಆಯ್ಕೆಗಳೂ ಕುಗ್ಗುತ್ತವೆ.

ಹೀಗೆ ಹರಡಿದ ಕಾಯಿಲೆಯನ್ನು ಸಂಪೂರ್ಣ ಗುಣಪಡಿಸುವುದು ಸಾಮಾನ್ಯವಾಗಿ ಸಾಧ್ಯವಾಗದು. ಆದರೆ ಹತೋಟಿಯಲ್ಲಿಟ್ಟು ವರ್ಷಗಳ ಕಾಲ ನೆಮ್ಮದಿಯ ಬದುಕು ನಡೆಸುವ ಅವಕಾಶವನ್ನು ಇಂದಿನ ಔಷಧಿಗಳು, ವಿಶೇಷವಾಗಿ ಹಾರ್ಮೋನಿಗೆ ಸ್ಪಂದಿಸುವ ಬಗೆಯಲ್ಲಿ, ಅನೇಕರಿಗೆ ಒದಗಿಸಿವೆ.

ಎರಡು ಆಸ್ಪತ್ರೆ, ಒಂದು ಫೈಲು

ಲಕ್ಕೂರು ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರ. ಈ ಭಾಗದ ಮಹಿಳೆಯರು ಕ್ಯಾನ್ಸರ್ ಚಿಕಿತ್ಸೆಗೆ ಸಾಮಾನ್ಯವಾಗಿ ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಬೆಂಗಳೂರಿಗೋ ಹೋಗಬೇಕು. ಸರ್ಕಾರಿ ವಲಯದಲ್ಲಿ ಕ್ಯಾನ್ಸರ್‌ಗೆ ಕಿದ್ವಾಯಿ ಸಂಸ್ಥೆ ಇದ್ದರೆ, ಮೂತ್ರಾಂಗಗಳ ಕಾಯಿಲೆಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಎರಡರ ಆವರಣ ಬೇರೆ, ರೋಗಿಯ ನೋಂದಣಿ ಸಂಖ್ಯೆ ಬೇರೆ. ಒಂದೆಡೆ ಬರೆದ ವಿಷಯ ಇನ್ನೊಂದೆಡೆಗೆ ತಲುಪುವ ಖಚಿತ ದಾರಿಯೆಂದರೆ ರೋಗಿಯ ಕೈಯಲ್ಲಿರುವ ಫೈಲು.

ಆ ಫೈಲು ಬಹಳಷ್ಟು ಮನೆಗಳಲ್ಲಿ ಟ್ರಂಕಿನ ತಳ ಸೇರಿರುತ್ತದೆ. ಕೆಲವೆಡೆ ಕಾಯಿಲೆಯ ಸುದ್ದಿ ನೆರೆಹೊರೆಗೆ, ಮಗಳ ಮದುವೆ ಮಾತುಕತೆಗೆ ಬಂದವರಿಗೆ ತಿಳಿಯಬಾರದೆಂಬ ಅಂಜಿಕೆಯಿಂದ ಕಾಗದಗಳನ್ನೇ ಇಲ್ಲವಾಗಿಸಿರುವುದೂ ಉಂಟು. ಊರಿನ ವೈದ್ಯರ ಮುಂದೆ, ಅದರಲ್ಲೂ ಗಂಡಸರಾದ ವೈದ್ಯರ ಮುಂದೆ, ಮೂತ್ರದ ತೊಂದರೆಯನ್ನು ಹೇಳಲು ಇರುವ ಸಂಕೋಚದ ಜೊತೆಗೆ ಸ್ತನದ ಕಾಯಿಲೆಯ ಪ್ರಸ್ತಾಪಕ್ಕೂ ನಾಲಿಗೆ ಏಳುವುದಿಲ್ಲ. ಇಲ್ಲಿ ಆಶಾ ಕಾರ್ಯಕರ್ತೆಯರ ಪಾತ್ರ ಹಿರಿದು. 30 ವರ್ಷ ಮೀರಿದವರಿಗೆ ಸ್ತನ, ಗರ್ಭಕೊರಳು ಹಾಗೂ ಬಾಯಿಯ ಕ್ಯಾನ್ಸರ್ ತಪಾಸಣೆ ನಡೆಸುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2016ರಲ್ಲಿ ರೂಪುಗೊಂಡಿದ್ದು, ಮನೆ ಮನೆಗೆ ಹೋಗುವ ಕಾರ್ಯಕರ್ತೆ ಹಳೆಯ ಕಾಯಿಲೆಯ ಬಗ್ಗೆಯೂ ಒಂದು ಮಾತು ಕೇಳಬಲ್ಲರು.

ವೆಚ್ಚದ ಚಿಂತೆಯೂ ವಿಳಂಬಕ್ಕೆ ಕಾರಣ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಗಿದೆ. ದೊಡ್ಡ ಆಸ್ಪತ್ರೆಗೆ ಹೊರಡುವ ಮುನ್ನ ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿಕೊಳ್ಳುವುದು ಒಳಿತು.

ನೆನಪಿಡಬೇಕಾದ ಅಂಶಗಳು

* ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ಎಷ್ಟೇ ವರ್ಷ ಕಳೆದಿದ್ದರೂ, ಯಾವುದೇ ತೊಂದರೆಗೆ ಯಾವುದೇ ವೈದ್ಯರ ಬಳಿ ಹೋದರೂ ಆ ವಿಷಯವನ್ನು ಮೊದಲೇ ತಿಳಿಸಬೇಕು.

* ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ಸಾರಾಂಶ, ಗ್ರಾಹಿಗಳ ವರದಿ - ಈ ಮೂರು ಕಾಗದಗಳನ್ನು ಎಂದಿಗೂ ಎಸೆಯಬಾರದು. ಮೊಬೈಲ್‌ನಲ್ಲಿ ಅವುಗಳ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

* ತಮ್ಮದು ಡಕ್ಟಲ್ ಬಗೆಯೋ ಲೋಬ್ಯುಲರ್ ಬಗೆಯೋ ಎಂಬುದನ್ನು ಚಿಕಿತ್ಸೆ ನೀಡಿದ ವೈದ್ಯರಿಂದ ಕೇಳಿ ತಿಳಿದುಕೊಳ್ಳಬೇಕು.

* ಮೂತ್ರದಲ್ಲಿ ರಕ್ತ, ಗುಣವಾಗದ ಉರಿ, ಸೊಂಟದ ಪಕ್ಕದಲ್ಲಿ ಬಿಡದೆ ಕಾಡುವ ನೋವು ಇದ್ದರೆ ಮೂತ್ರ ಪರೀಕ್ಷೆ, ಕ್ರಿಯಾಟಿನಿನ್ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಕ್ರಿಯಾಟಿನಿನ್ ಸಹಜವಾಗಿದೆ ಎಂದು ಅಲ್ಟ್ರಾಸೌಂಡನ್ನು ಕೈಬಿಡಬಾರದು.

* ಮೂತ್ರದ ಪ್ರಮಾಣ ತೀರಾ ತಗ್ಗಿ, ಮೈ ಊದಿ, ವಾಂತಿಯಾಗುತ್ತಿದ್ದರೆ ಅಥವಾ ಚಳಿಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆ ಸೇರಬೇಕು.

ಬಹುತೇಕ ಮಹಿಳೆಯರಲ್ಲಿ ಈ ಪರೀಕ್ಷೆಗಳು ಸಾಮಾನ್ಯ ಸೋಂಕನ್ನೋ ಕಲ್ಲನ್ನೋ ತೋರಿಸಿ ಸಮಾಧಾನ ತರುತ್ತವೆ. ಉಳಿದ ಕೆಲವರಲ್ಲಿ, ಚೀಟಿ ಬರೆಯುವ ಮುನ್ನ ‘ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇನಮ್ಮಾ?’ ಎಂದು ಊರಿನ ವೈದ್ಯರು ಕೇಳುವ ಒಂದು ಪ್ರಶ್ನೆ ಒಂದು ಮೂತ್ರಪಿಂಡವನ್ನು ಉಳಿಸಬಲ್ಲದು.